ಬೀಥೋವನ್ ಮುಚ್ಚಿಟ್ಟ ಗುಟ್ಟು

ಮೋಟಿವೇಷನ್ ವಿಡಿಯೊ ನೋಡುವವರಿಗೆ ಬೀಥೋವನ್ ಹೊಸಬನಲ್ಲ. ಕಿವಿ ಕೇಳದಿದ್ದರೂ ಜಗತ್ತೇ ತಲೆದೂಗುವ ಸಂಗೀತ ರಚಿಸಿದ ಛಲಗಾರ ಎಂದು ಅರ್ಧ ನಿಮಿಷದಲ್ಲಿ ಅವನ ಕಥೆ ಮುಗಿಸಿಬಿಡುತ್ತಾರೆ. ನನಗೂ ಅವನ ಬಗ್ಗೆ ಗೊತ್ತಿದ್ದದ್ದು ಅಷ್ಟೇ. ಕಾಲೇಜು ಲೈಬ್ರರಿಯಲ್ಲಿ ಅವನ ಜೀವನಚರಿತ್ರೆ ಸಿಕ್ಕಿ ಓದಿದ ಮೇಲೆ, ಆ ವಿಡಿಯೊಗಳು ಹೇಳದೆ ಬಿಡುವ ಭಾಗವೇ ನಮ್ಮಂಥ ಕೆಲಸ ಹುಡುಕುವ ವಯಸ್ಸಿನವರಿಗೆ ಹೆಚ್ಚು ಬೇಕಾದದ್ದು ಅನ್ನಿಸಿತು. ಅವನ ಕಿವಿ ಕೆಡಲು ಶುರುವಾದದ್ದು ಮುಪ್ಪಿನಲ್ಲಿ ಅಲ್ಲ, 27-28ರ ಹರೆಯದಲ್ಲಿ. ಅದನ್ನು ಆತ ವರ್ಷಗಟ್ಟಲೆ ಜನರಿಂದ ಮುಚ್ಚಿಟ್ಟ. ಯಾಕೆಂದರೆ ಕೆಲಸ ಹೋಗುವ ಭಯ.

ಲುಡ್ವಿಗ್ ವಾನ್ ಬೀಥೋವನ್ ಹುಟ್ಟಿದ್ದು ಈಗಿನ ಜರ್ಮನಿಯ ಬಾನ್ ನಗರದಲ್ಲಿ, 1770ರ ಡಿಸೆಂಬರ್‌ನಲ್ಲಿ. ಹುಟ್ಟಿದ ದಿನದ ದಾಖಲೆ ಇಲ್ಲ, ಡಿಸೆಂಬರ್ 17ರಂದು ಚರ್ಚ್‌ನಲ್ಲಿ ದೀಕ್ಷಾಸ್ನಾನವಾದದ್ದಕ್ಕೆ ದಾಖಲೆ ಇದೆ. ತಾತ, ಅಪ್ಪ ಇಬ್ಬರೂ ಆಸ್ಥಾನದ ಗಾಯಕರು. ಅಪ್ಪ ಯೋಹಾನ್‌ಗೆ ಕುಡಿತದ ಚಟ. ಮಗನನ್ನು ಇನ್ನೊಬ್ಬ ಮೊಜಾರ್ಟ್ ಮಾಡಬೇಕೆಂಬ ಆಸೆ ಬೇರೆ. 1778ರಲ್ಲಿ ಕೊಲೋನ್‌ನಲ್ಲಿ ನಡೆದ ಕಚೇರಿಗೆ 7 ವರ್ಷದ ಮಗನನ್ನು 6 ವರ್ಷದವನೆಂದು ಪ್ರಚಾರ ಮಾಡಿದ. 1787ರಲ್ಲಿ ತಾಯಿ ತೀರಿಕೊಂಡಳು. ಎರಡು ವರ್ಷದ ನಂತರ, ಅಪ್ಪನ ಸಂಬಳದ ಅರ್ಧ ಭಾಗವನ್ನು ನೇರವಾಗಿ ತನಗೆ ಕೊಡಿ, ತಮ್ಮಂದಿರನ್ನು ಸಾಕಬೇಕು ಎಂದು ಬೀಥೋವನ್ ಆಡಳಿತಕ್ಕೆ ಅರ್ಜಿ ಹಾಕಿ ಪಡೆದುಕೊಂಡ. ಆಗ ಅವನಿಗೆ ಇನ್ನೂ 18. ಪದವಿ ತರಗತಿಯಲ್ಲಿ ಕೂರುವ ವಯಸ್ಸಿಗೆ ಮನೆಯ ಯಜಮಾನಿಕೆ ಹೆಗಲೇರಿತ್ತು.

1792ರಲ್ಲಿ ಆತ ವಿಯೆನ್ನಾಕ್ಕೆ ಬಂದ. ಹೆಸರಾಂತ ಸಂಗೀತಗಾರ ಹೇಡನ್ ಬಳಿ ಪಾಠ ಕಲಿತ. ಅಲ್ಲಿ ಅವನಿಗೆ ಮೊದಲು ಹೆಸರು ತಂದುಕೊಟ್ಟದ್ದು ರಚನೆಗಳಲ್ಲ, ಪಿಯಾನೊ ನುಡಿಸುವ ಕೈ. ಕುಳಿತಲ್ಲೇ ಹೊಸ ಹೊಸ ಸ್ವರ ಹೊಸೆಯುತ್ತಾ ನುಡಿಸುವುದರಲ್ಲಿ ಅವನನ್ನು ಮೀರಿಸುವವರು ಆ ಊರಲ್ಲಿ ಕಡಿಮೆ. ಶ್ರೀಮಂತರ ಮನೆಗಳ ಬಾಗಿಲು ತೆರೆದವು, ಶಿಷ್ಯರು ಬಂದರು. 1795ರಲ್ಲಿ ಸಾರ್ವಜನಿಕ ವೇದಿಕೆಯನ್ನೂ ಏರಿದ. ಬೇರೆ ಊರಿಂದ ಬಂದ ಹುಡುಗ, ಬೆನ್ನಿಗೆ ಅಪ್ಪನ ಆಸ್ತಿ ಇಲ್ಲ. ಅವನ ಅನ್ನ ನಿಂತಿದ್ದು ಎರಡು ಕೈ ಮತ್ತು ಎರಡು ಕಿವಿಗಳ ಮೇಲೆ.

1798ರ ಸುಮಾರಿಗೆ ಆ ಕಿವಿಗಳಲ್ಲಿ ಹಗಲೂ ರಾತ್ರಿ ಗುಂಯ್‌ಗುಡುವ ಸದ್ದು ಶುರುವಾಯಿತು. ವೈದ್ಯರು ಇದನ್ನು ಟಿನ್ನಿಟಸ್ ಎನ್ನುತ್ತಾರೆ. ಆಮೇಲೆ ಒಂದೊಂದಾಗಿ ಮೇಲಿನ ಸ್ವರಗಳು ಮಾಯವಾಗತೊಡಗಿದವು. ನಾಟಕಶಾಲೆಗೆ ಹೋದರೆ ವಾದ್ಯಗಳ ಹತ್ತಿರವೇ ಕೂರಬೇಕಿತ್ತು. ಸ್ವಲ್ಪ ದೂರವಾದರೂ ವಾದ್ಯಗಳ, ಗಾಯಕರ ತಾರಸ್ವರಗಳು ಕೇಳುತ್ತಿರಲಿಲ್ಲ. ಯಾರಾದರೂ ಮೆತ್ತಗೆ ಮಾತನಾಡಿದರೆ ದನಿ ಕೇಳುತ್ತಿತ್ತು, ಪದಗಳು ತಿಳಿಯುತ್ತಿರಲಿಲ್ಲ. ಹಾಗಂತ ಯಾರಾದರೂ ಕಿರುಚಿದರೆ ಅದನ್ನು ತಡೆದುಕೊಳ್ಳಲೂ ಆಗುತ್ತಿರಲಿಲ್ಲ.

ಈ ಲಕ್ಷಣಗಳು ಗೊಂದಲ ಹುಟ್ಟಿಸುವಂಥವು. ಕಿವುಡು ಎಂದರೆ ರೇಡಿಯೊ ವಾಲ್ಯೂಮ್ ಕಡಿಮೆ ಮಾಡಿದ ಹಾಗೆ ಎಂದು ನಾವು ಅಂದುಕೊಂಡಿರುತ್ತೇವೆ. ಹಾಗಲ್ಲ. ಹೊರಗಿನ ಸದ್ದು ಕಿವಿ ತಮಟೆಯನ್ನು ನಡುಗಿಸುತ್ತದೆ, ಆ ನಡುಕ ಮೂರು ಪುಟ್ಟ ಮೂಳೆಗಳ ಮೂಲಕ ಒಳಗಿವಿಗೆ ದಾಟುತ್ತದೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕಾಕ್ಲಿಯಾ ಎಂಬ ಭಾಗವಿದೆ. ಅದರೊಳಗೆ ಸುಮಾರು 15,000 ಕೂದಲು ಕೋಶಗಳು. ಸದ್ದಿನ ನಡುಕವನ್ನು ಮಿದುಳಿಗೆ ತಿಳಿಯುವ ಸಂಕೇತವಾಗಿ ಬದಲಿಸುವುದು ಇವುಗಳ ಕೆಲಸ. ಬಾಗಿಲ ಬಳಿ ಇರುವ ಕೋಶಗಳು ಮೇಲಿನ ಸ್ವರಗಳಿಗೆ, ಒಳಗಿನ ಸುತ್ತಿನವು ಕೆಳಗಿನ ಸ್ವರಗಳಿಗೆ. ಸಾಮಾನ್ಯವಾಗಿ ಬಾಗಿಲ ಬಳಿಯವೇ ಮೊದಲು ಸಾಯುತ್ತವೆ. ಸತ್ತ ಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.

ನಮ್ಮ ಭಾಷೆಯಿಂದಲೇ ಒಂದು ಉದಾಹರಣೆ ನೋಡಿ. ಕಾಲು, ಸಾಲು, ಹಾಲು, ಶಾಲು. ನಾಲ್ಕರಲ್ಲೂ ಸ್ವರಗಳು ಒಂದೇ, ಪದವನ್ನು ಬೇರೆ ಮಾಡುವುದು ಮೊದಲ ವ್ಯಂಜನ. ಅಆಇಈಗಳು ಕೆಳಗಿನ ಶ್ರುತಿಯಲ್ಲಿ ಗಟ್ಟಿಯಾಗಿ ಕೇಳುತ್ತವೆ. ಸ, ಶ, ತ, ಕ ಇವೆಲ್ಲ ಮೇಲಿನ ಶ್ರುತಿಯ ಸಣ್ಣ ಸದ್ದುಗಳು. ಮೇಲಿನ ಸ್ವರ ಕೇಳಿಸದವನಿಗೆ ಯಾರೋ ಮಾತಾಡಿದ್ದು ಗೊತ್ತಾಗುತ್ತದೆ, ಹಾಲು ತಾ ಅಂದರೋ ಶಾಲು ತಾ ಅಂದರೋ ಗೊತ್ತಾಗುವುದಿಲ್ಲ. ಬೀಥೋವನ್‌ಗೆ ಆಗುತ್ತಿದ್ದದ್ದೂ ಇದೇ.

ಇಷ್ಟಾದರೂ ಆತ ಬಾಯಿ ಬಿಡಲಿಲ್ಲ. 1801ರಲ್ಲಿ ಬಾಲ್ಯದ ಗೆಳೆಯ, ವೈದ್ಯನಾಗಿದ್ದ ವೆಗೆಲರ್‌ಗೆ ಮತ್ತು ಇನ್ನೊಬ್ಬ ಗೆಳೆಯ ಅಮೆಂಡಾಗೆ ಪತ್ರ ಬರೆದು ವಿಷಯ ತಿಳಿಸಿದ. ಗುಟ್ಟು ಹೊರಗೆ ಹೋಗಕೂಡದು ಎಂದು ಇಬ್ಬರಲ್ಲೂ ಬೇಡಿಕೊಂಡ. ಸುಮಾರು ಎರಡು ವರ್ಷದಿಂದ ಜನ ಸೇರುವಲ್ಲಿ ಹೋಗುವುದನ್ನೇ ಬಿಟ್ಟಿದ್ದೇನೆ, ನನಗೆ ಕಿವಿ ಕೇಳುವುದಿಲ್ಲ ಎಂದು ಹೇಳಲು ನಾಲಿಗೆ ಬರುವುದಿಲ್ಲ ಎಂಬುದು ವೆಗೆಲರ್‌ಗೆ ಬರೆದ ಪತ್ರದ ತಿರುಳು. ಬೇರೆ ವೃತ್ತಿಯಾಗಿದ್ದರೆ ಹೇಗೋ ನಡೆಯುತ್ತಿತ್ತು, ಸಂಗೀತಗಾರನಿಗೆ ಇದು ಭಯಂಕರ ಸ್ಥಿತಿ, ಆಗದವರಿಗೆ ಗೊತ್ತಾದರೆ ಏನೆಂದಾರು ಎಂಬ ಚಿಂತೆ. ಅವನು ಮೊದಲೇ ಯಾವುದೋ ಯೋಚನೆಯಲ್ಲಿ ಮುಳುಗಿರುವ ಸ್ವಭಾವದವ. ಉತ್ತರ ಕೊಡದಿದ್ದರೆ ಜನ ಅದನ್ನು ಮೈಮರೆವು ಅಂದುಕೊಳ್ಳುತ್ತಿದ್ದರು. ಸೊಕ್ಕಿನವನು, ಸಿಡುಕ ಎಂಬ ಹೆಸರೂ ಬಂತು. ಕಿವಿ ಕೇಳದವನು ಎನ್ನಿಸಿಕೊಳ್ಳುವುದಕ್ಕಿಂತ ಸಿಡುಕ ಎನ್ನಿಸಿಕೊಳ್ಳುವುದೇ ವಾಸಿ ಎಂಬಂತೆ ಅದನ್ನು ಹೊತ್ತುಕೊಂಡು ತಿರುಗಿದ.

ಚಿಕಿತ್ಸೆ ಮಾತ್ರ ನಡೆಯುತ್ತಲೇ ಇತ್ತು. ಒಬ್ಬ ವೈದ್ಯ ಕಿವಿಗೆ ಬಾದಾಮಿ ಎಣ್ಣೆ ಹಾಕಿದ. ಇನ್ನೊಬ್ಬ ಡ್ಯಾನ್ಯೂಬ್ ನದಿ ನೀರಿನಲ್ಲಿ ಬೆಚ್ಚನೆಯ ಸ್ನಾನ ಮಾಡಿಸಿದ. ತೋಳಿಗೆ ಮರದ ತೊಗಟೆ ಕಟ್ಟಿ ಬೊಕ್ಕೆ ಏಳಿಸುವ ಚಿಕಿತ್ಸೆಯೂ ಆಯಿತು. ಕೈಗೆ ಬೊಕ್ಕೆ ಬಂದರೆ ಪಿಯಾನೊ ನುಡಿಸುವುದು ಹೇಗೆ? ಯಾವುದರಿಂದಲೂ ಕಿವಿ ಸರಿಹೋಗಲಿಲ್ಲ. ಇನ್ನೂರು ವರ್ಷ ಕಳೆದರೂ ನಮ್ಮ ಮನೆಗಳಲ್ಲಿ ಕಿವಿ ನೋವೆಂದರೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುವುದು ನಿಂತಿಲ್ಲ. ತಮಟೆ ತೂತಾಗಿದ್ದರೆ, ಕಿವಿ ಸೋರುತ್ತಿದ್ದರೆ ಆ ಎಣ್ಣೆ ನೇರ ಒಳಗಿಳಿದು ಸೋಂಕನ್ನು ಹೆಚ್ಚಿಸುತ್ತದೆ. ಬಡ್ಸ್, ಬೆಂಕಿಕಡ್ಡಿ, ಹೇರ್‌ಪಿನ್ ಹಾಕಿ ಗುಗ್ಗೆ ತೆಗೆಯಲು ಹೋದರೆ ಅದು ಇನ್ನಷ್ಟು ಒಳಗೆ ಹೋಗಿ ಕೂರುತ್ತದೆ. ಕಿವಿಯ ವಿಷಯದಲ್ಲಿ ಮನೆಮದ್ದು ಬೇಡ.

1802ರಲ್ಲಿ ವೈದ್ಯರ ಸಲಹೆಯಂತೆ ಬೀಥೋವನ್ ವಿಯೆನ್ನಾದ ಹೊರಗಿನ ಹೈಲಿಗೆನ್‌ಸ್ಟಾಟ್ ಎಂಬ ಹಳ್ಳಿಗೆ ಹೋಗಿ ತಂಗಿದ. ಒಂದು ದಿನ ಶಿಷ್ಯ ರೀಸ್ ಜೊತೆ ಗದ್ದೆ ಬಯಲಲ್ಲಿ ನಡೆಯುತ್ತಿದ್ದಾಗ ದೂರದಲ್ಲಿ ಕುರಿ ಕಾಯುವವನೊಬ್ಬ ಕೊಳಲೂದುತ್ತಿದ್ದ. ರೀಸ್ ಅದನ್ನು ತೋರಿಸಿದ. ಬೀಥೋವನ್ ಅರ್ಧ ಗಂಟೆ ಕಿವಿಗೊಟ್ಟು ನಿಂತರೂ ಏನೂ ಕೇಳಲಿಲ್ಲ. ಗುರುವಿನ ಮುಖ ಕಂಡ ಶಿಷ್ಯ, ಈಗ ನನಗೂ ಕೇಳುತ್ತಿಲ್ಲ ಎಂದು ಸುಳ್ಳು ಹೇಳಿದ. ಬೀಥೋವನ್ ಮಂಕಾಗಿ ಮೌನಕ್ಕೆ ಜಾರಿದ. ಅದೇ ಅಕ್ಟೋಬರ್‌ನಲ್ಲಿ ತಮ್ಮಂದಿರ ಹೆಸರಿಗೆ ಒಂದು ದೀರ್ಘ ಪತ್ರ ಬರೆದ. ತಾನು ಜನದ್ವೇಷಿಯಲ್ಲ, ಕಿವಿ ಕೇಳದ ನಾಚಿಕೆಯಿಂದ ದೂರ ಸರಿದವನು ಎಂಬ ನೋವು ಅದರಲ್ಲಿದೆ. ಬದುಕನ್ನೇ ಮುಗಿಸಿಕೊಳ್ಳುವ ಯೋಚನೆ ಹತ್ತಿರ ಬಂದದ್ದು, ಮಾಡಬೇಕಾದ ಕೆಲಸ ಬಾಕಿ ಇದೆ ಎಂಬುದೊಂದೇ ತಡೆದದ್ದು ಎಲ್ಲವೂ ಇದೆ. ಆ ಪತ್ರವನ್ನೂ ಆತ ಕಳುಹಿಸಲಿಲ್ಲ. ಅದು ಸಿಕ್ಕಿದ್ದು ಅವನು ಸತ್ತ ಮೇಲೆ, ಕಾಗದಪತ್ರಗಳ ನಡುವೆ. ಆಗ ಅವನಿಗೆ ಕೇವಲ 31 ವರ್ಷ.

ಈ ಭಾಗ ಓದುವಾಗ ನನಗೆ ನೆನಪಾದದ್ದು ನನ್ನ ಅಪ್ಪ. ನಮ್ಮೂರು ದೊಡ್ಡಬಳ್ಳಾಪುರ, ಮಗ್ಗದ ಊರು. ಅಪ್ಪ ಮೂವತ್ತು ವರ್ಷದಿಂದ ಪವರ್‌ಲೂಮ್ ನಡೆಸುವವರು. ಲಾಳಿ ಹೊಡೆಯುವ ಸದ್ದಿನಲ್ಲಿ ಪಕ್ಕದವರ ಜೊತೆ ಮಾತಾಡಬೇಕಾದರೂ ಕೂಗಲೇಬೇಕು. ಮನೆಯಲ್ಲಿ ನಾವು ಏನು ಹೇಳಿದರೂ ಅಪ್ಪ ಹೂಂ ಅನ್ನುತ್ತಿದ್ದರು. ಹೂಂ ಅಂದಮೇಲೆ ಕೆಲಸ ಆಗುತ್ತಿರಲಿಲ್ಲ, ಅಮ್ಮನ ಜೊತೆ ಜಗಳ. ಟಿವಿ ಸದ್ದು ಬೀದಿಗೆ ಕೇಳುತ್ತಿತ್ತು. ಆಸ್ಪತ್ರೆಗೆ ಹೋಗೋಣವೆಂದರೆ ಒಪ್ಪುತ್ತಿರಲಿಲ್ಲ. ಕಿವಿ ಮಂದ ಅಂತ ಗೊತ್ತಾದರೆ ಮಗ್ಗದ ಮಾಲೀಕರು ಬೇರೆಯವರನ್ನು ನೋಡಿಕೊಳ್ಳುತ್ತಾರೆ ಎಂಬ ಅಳುಕು. ಕಡೆಗೆ ಅಮ್ಮನೇ ಹಟ ಹಿಡಿದು ಹೊರಡಿಸಿದರು. ಸದ್ದಿಲ್ಲದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಒಂದೊಂದೇ ಸ್ವರ ಕೇಳಿಸಿದರು. ಬಂದ ಗ್ರಾಫ್‌ನಲ್ಲಿ ಕೆಳಗಿನ ಸ್ವರಗಳು ಹೆಚ್ಚುಕಡಿಮೆ ಸರಿ ಇದ್ದವು, 4,000 ಹರ್ಟ್ಜ್ ಹತ್ತಿರ ಗೆರೆ ಗುಂಡಿಗೆ ಬಿದ್ದಂತೆ ಇಳಿದಿತ್ತು. ವರ್ಷಗಟ್ಟಲೆ ಸದ್ದಿನಲ್ಲಿ ದುಡಿದ ಕಿವಿಯ ಗುರುತು ಅದು ಎಂದು ಅಲ್ಲಿನವರು ವಿವರಿಸಿದರು. ಈಗ ಅಪ್ಪ ಮನೆಯಲ್ಲಿ ಹಿಯರಿಂಗ್ ಏಡ್ ಹಾಕುತ್ತಾರೆ. ಮಗ್ಗದ ಬಳಿ ಅದನ್ನು ತೆಗೆದಿಟ್ಟು ಕಿವಿ ಮುಚ್ಚುವ ಮಫ್ ಹಾಕಿಕೊಳ್ಳುತ್ತಾರೆ. ಕೆಲಸ ಹೋಗಲಿಲ್ಲ. ಮಾಲೀಕರೂ ಒಂದು ಮಫ್ ಕೊಂಡರಂತೆ.

ಬೀಥೋವನ್‌ಗೂ ಗುಟ್ಟು ಹೊರೆಯಾಗುತ್ತಾ ಬಂತು. 1806ರಲ್ಲಿ ಸ್ವರ ಬರೆದುಕೊಳ್ಳುವ ಹಾಳೆಯೊಂದರ ಮೇಲೆ ತನಗೆ ತಾನೇ ಒಂದು ಟಿಪ್ಪಣಿ ಮಾಡಿಕೊಂಡ. ಇನ್ನು ಮುಂದೆ ಕಿವುಡುತನ ಗುಟ್ಟಾಗಿ ಇರುವುದು ಬೇಡ, ಕಲೆಯಲ್ಲೂ ಬೇಡ ಎಂಬುದು ಅದರ ಅರ್ಥ. ನನಗೆ ಅವನ ಬದುಕಿನ ದೊಡ್ಡ ತಿರುವು ಇದೇ ಅನ್ನಿಸುತ್ತದೆ. ಕಿವಿ ಆ ಹೊತ್ತಿಗೆ ಸುಧಾರಿಸಿರಲಿಲ್ಲ, ಇನ್ನೂ ಕೆಡುತ್ತಲೇ ಇತ್ತು. ಆದರೆ ಆ ವರ್ಷಗಳಲ್ಲೇ ಅವನ ದೊಡ್ಡ ದೊಡ್ಡ ಕೃತಿಗಳು ಬಂದವು. 1808ರ ಡಿಸೆಂಬರ್ 22ರಂದು ವಿಯೆನ್ನಾದಲ್ಲಿ ಕೊರೆಯುವ ಚಳಿಯಲ್ಲಿ ಸುಮಾರು ನಾಲ್ಕು ಗಂಟೆ ನಡೆದ ಒಂದೇ ಕಚೇರಿಯಲ್ಲಿ ಐದನೇ ಸಿಂಫನಿ ಮತ್ತು ಆರನೇ ಸಿಂಫನಿ ಎರಡೂ ಮೊದಲ ಬಾರಿ ಕೇಳಿಸಿದವು.

ಮರುವರ್ಷ, 1809ರ ಮೇ ತಿಂಗಳಲ್ಲಿ ನೆಪೋಲಿಯನ್ ಸೇನೆ ವಿಯೆನ್ನಾದ ಮೇಲೆ ಫಿರಂಗಿ ಹಾರಿಸಿತು. ಬೀಥೋವನ್ ತಮ್ಮನ ಮನೆಯ ನೆಲಮಾಳಿಗೆಯಲ್ಲಿ ಅಡಗಿ ಕುಳಿತು, ತಲೆಗೆ ದಿಂಬು ಒತ್ತಿಕೊಂಡು ಕಿವಿ ಮುಚ್ಚಿಕೊಂಡ ಎಂದು ರೀಸ್ ಬರೆದಿಟ್ಟಿದ್ದಾನೆ. ಉಳಿದಿರುವ ಅಷ್ಟಿಷ್ಟು ಶ್ರವಣವನ್ನಾದರೂ ಫಿರಂಗಿ ಸದ್ದಿನಿಂದ ಕಾಪಾಡಿಕೊಳ್ಳುವ ಪ್ರಯತ್ನ ಅದು. ಸದ್ದು ಕಿವಿಯನ್ನು ಕೊಲ್ಲುತ್ತದೆ ಎಂದು ಆಗಲೂ ಗೊತ್ತಿತ್ತು.

ಈಗ ಅದರ ಲೆಕ್ಕವೂ ಗೊತ್ತಿದೆ. ಸಾಮಾನ್ಯ ಮಾತು ಸುಮಾರು 60 ಡೆಸಿಬಲ್. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಬಾರದು ಎಂಬುದು ಪರಿಣತರು ಹೇಳುವ ಮಿತಿ. ಪ್ರತಿ 3 ಡೆಸಿಬಲ್ ಏರಿದಾಗ ಈ ಅವಧಿ ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, 100 ಡೆಸಿಬಲ್‌ಗೆ ಬರೀ 15 ನಿಮಿಷ. ಪೂರ್ತಿ ವಾಲ್ಯೂಮ್ ಇಟ್ಟರೆ ನಮ್ಮ ಇಯರ್‌ಫೋನ್‌ಗಳು 100ರ ಆಸುಪಾಸು ಮುಟ್ಟಬಲ್ಲವು. ಗಣೇಶನ ಮೆರವಣಿಗೆಯ ಡಿಜೆ ಪೆಟ್ಟಿಗೆಯ ಎದುರು ಕುಣಿಯುವವರು ಅದನ್ನೂ ದಾಟುತ್ತಾರೆ. ಮನೆಗೆ ಬಂದಮೇಲೆ ಕಿವಿ ಗುಂಯ್ ಅನ್ನುತ್ತಿದ್ದರೆ ಒಳಗಿನ ಕೋಶಗಳಿಗೆ ಪೆಟ್ಟು ಬಿದ್ದಿದೆ ಎಂದೇ ಅರ್ಥ. 12ರಿಂದ 35ರ ವಯಸ್ಸಿನ 100 ಕೋಟಿಗೂ ಹೆಚ್ಚು ಜನ ಇಂಥ ಸದ್ದಿನಿಂದ ಶ್ರವಣ ಕಳೆದುಕೊಳ್ಳುವ ಅಪಾಯದಲ್ಲಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಅಂದರೆ ನಮ್ಮದೇ ವಯಸ್ಸು.

ವಾಲ್ಯೂಮ್ 60 ಶೇಕಡಾ ಮೀರದಿರಲಿ, ನಡುನಡುವೆ ಕಿವಿಗೆ ಬಿಡುವಿರಲಿ. ಬಸ್ಸಿನ ಸದ್ದನ್ನು ಮೀರಿಸಲು ಹಾಡಿನ ಸದ್ದು ಏರಿಸುವುದು ಬೇಡ. ಡಿಜೆಯಿಂದ, ಪಟಾಕಿಯಿಂದ ದೂರ ನಿಲ್ಲಿ. ಗಾರ್ಮೆಂಟ್ಸ್, ಕ್ವಾರಿ, ವರ್ಕ್‌ಶಾಪ್, ಮಗ್ಗದ ಕೆಲಸಕ್ಕೆ ಸೇರಿದರೆ ಮೊದಲ ದಿನವೇ ಇಯರ್‌ಪ್ಲಗ್ ಕೇಳಿ ಪಡೆಯಿರಿ. ಒಂದು ತೋಳಳತೆ ದೂರದಲ್ಲಿ ಇರುವವರ ಜೊತೆ ಕೂಗಿ ಮಾತಾಡಬೇಕಾದರೆ ಅಲ್ಲಿನ ಸದ್ದು ಮಿತಿ ದಾಟಿದೆ ಎಂದು ತಿಳಿಯಿರಿ.

ಬೀಥೋವನ್‌ನ ಕಿವಿ ಮುಂದಿನ ವರ್ಷಗಳಲ್ಲಿ ಪೂರ್ತಿ ಸೋತಿತು. ಮೆಲ್ಜೆಲ್ ಎಂಬ ಯಂತ್ರ ತಯಾರಕ ಅವನಿಗೆ ಲೋಹದ ಕಿವಿ ತುತ್ತೂರಿಗಳನ್ನು ಮಾಡಿಕೊಟ್ಟ. ಆ ಕಾಲದ ಹಿಯರಿಂಗ್ ಏಡ್ ಎಂದರೆ ಅಷ್ಟೇ. ಬಾನ್‌ನಲ್ಲಿ ಅವನು ಹುಟ್ಟಿದ ಮನೆಯ ಮ್ಯೂಸಿಯಂನಲ್ಲಿ ಅವು ಇವತ್ತಿಗೂ ಇವೆ. 1814ರ ಹೊತ್ತಿಗೆ ಪಿಯಾನೊದ ಮೇಲೆ ಜೋರು ಸ್ವರಗಳನ್ನು ತಂತಿ ಒದರುವಂತೆ ಬಡಿಯುತ್ತಿದ್ದ, ಮೆತ್ತನೆಯ ಸ್ವರಗಳು ಕೇಳುತ್ತಲೇ ಇರಲಿಲ್ಲ. ವೇದಿಕೆಯ ಮೇಲೆ ನುಡಿಸುವುದು ಅಲ್ಲಿಗೆ ಹೆಚ್ಚುಕಡಿಮೆ ನಿಂತಿತು. ಯಾವುದು ಕೈತಪ್ಪುತ್ತದೆಂದು ಹೆದರಿ ಗುಟ್ಟು ಕಾಪಾಡಿದ್ದನೋ ಆ ಕೆಲಸ ಹೋಯಿತು. ರಚನೆ ಉಳಿಯಿತು.

1818ರಿಂದ ಆತ ಸದಾ ಒಂದು ನೋಟ್‌ಬುಕ್ ಇಟ್ಟುಕೊಳ್ಳತೊಡಗಿದ. ಬಂದವರು ಹೇಳಬೇಕಾದ್ದನ್ನು ಅದರಲ್ಲಿ ಬರೆಯುತ್ತಿದ್ದರು, ಅವನು ಬಾಯಿಮಾತಿನಲ್ಲಿ ಉತ್ತರಿಸುತ್ತಿದ್ದ. ಹೀಗಾಗಿ ಉಳಿದಿರುವ ಪುಸ್ತಕಗಳಲ್ಲಿ ಬಹುತೇಕ ಕೇಳಿದವರ ಮಾತಷ್ಟೇ ಇದೆ. ಅಡುಗೆಯವಳ ಲೆಕ್ಕ, ಮನೆ ಬಾಡಿಗೆ, ತಮ್ಮನ ಮಗನ ಪಾಲನೆಯ ವ್ಯಾಜ್ಯ, ಸಂಗೀತ ಎಲ್ಲವೂ ಅದರಲ್ಲಿವೆ. ಜನ ಸೇರುವಲ್ಲಿಂದ ಓಡುತ್ತಿದ್ದವನು ಹೋಟೆಲಿನಲ್ಲಿ ಕುಳಿತು ಗೆಳೆಯರ ಜೊತೆ ಹರಟುವಂತಾದದ್ದು ಒಂದು ಪೆನ್ಸಿಲ್, ಒಂದು ಪುಸ್ತಕದಿಂದ. ಕಿವಿ ಕೇಳುವುದಿಲ್ಲ ಎಂದು ಒಪ್ಪಿಕೊಳ್ಳದೆ ಆ ಪುಸ್ತಕವನ್ನು ಮೇಜಿನ ಮೇಲೆ ಇಡಲು ಆಗುತ್ತಿರಲಿಲ್ಲ.

1824ರ ಮೇ 7ರಂದು ಒಂಬತ್ತನೇ ಸಿಂಫನಿಯ ಮೊದಲ ಪ್ರದರ್ಶನ. ಬೀಥೋವನ್ ವೇದಿಕೆಯ ಮೇಲೆ ನಿಂತು ತಾಳ ಹಾಕುತ್ತಿದ್ದ. ವಾದ್ಯಗಾರರು ನೋಡುತ್ತಿದ್ದದ್ದು ಮಾತ್ರ ನಿಜವಾಗಿ ನಡೆಸುತ್ತಿದ್ದ ಉಮ್ಲೌಫ್ ಎಂಬ ಸಂಗೀತ ನಿರ್ದೇಶಕನನ್ನು. ಸಭೆ ಚಪ್ಪಾಳೆ ತಟ್ಟಿದ್ದು ಬೀಥೋವನ್‌ಗೆ ತಿಳಿಯಲಿಲ್ಲ, ಅವನು ಜನರಿಗೆ ಬೆನ್ನು ಮಾಡಿ ನಿಂತಿದ್ದ. ಗಾಯಕಿ ಕರೋಲಿನ್ ಉಂಗರ್ ಅವನನ್ನು ಮೆಲ್ಲನೆ ತಿರುಗಿಸಿ ನಿಲ್ಲಿಸಿದಳು. ಆಗ ಚಪ್ಪಾಳೆ ಕಣ್ಣಿಗೆ ಕಂಡಿತು. ವಿಡಿಯೊಗಳು ತೋರಿಸುವುದು ಈ ಗಳಿಗೆಯನ್ನು. ಅದರ ಹಿಂದೆ ಇಪ್ಪತ್ತಾರು ವರ್ಷ ಇದ್ದವು.

1827ರ ಮಾರ್ಚ್ 26ರಂದು, 56ನೇ ವಯಸ್ಸಿನಲ್ಲಿ ಆತ ತೀರಿಕೊಂಡ. ಶವಪರೀಕ್ಷೆ ನಡೆಸಿದ ವೈದ್ಯ ವ್ಯಾಗ್ನರ್‌ಗೆ ಶ್ರವಣ ನರಗಳು ಸೊರಗಿ ತೆಳ್ಳಗಾಗಿದ್ದು ಕಂಡಿತು. ಯಕೃತ್ತು ಕೂಡ ಹಾಳಾಗಿತ್ತು. ಕಿವಿ ಕೆಟ್ಟದ್ದು ಯಾಕೆ ಎಂಬ ಪ್ರಶ್ನೆಗೆ ಇನ್ನೂ ಖಚಿತ ಉತ್ತರವಿಲ್ಲ. 2023ರಲ್ಲಿ ವಿಜ್ಞಾನಿಗಳು ಅವನ ಕೂದಲಿನಿಂದ ಡಿಎನ್‌ಎ ತೆಗೆದು ಓದಿದರು. ಯಕೃತ್ತಿನ ರೋಗಕ್ಕೆ ಕಾರಣವಾಗಬಲ್ಲ ಅಂಶಗಳು, ಹೆಪಟೈಟಿಸ್ ಬಿ ಸೋಂಕು ಪತ್ತೆಯಾದವು, ಕಿವುಡುತನಕ್ಕೆ ಕಾರಣ ಸಿಗಲಿಲ್ಲ. ಮರುವರ್ಷ ಕೂದಲಿನಲ್ಲಿ ಸೀಸದ ಅಂಶ ತುಂಬಾ ಹೆಚ್ಚಿರುವುದು ತಿಳಿಯಿತು. ಅದು ಕಿವಿಗೂ ತೊಂದರೆ ಕೊಟ್ಟಿರಬಹುದು ಎಂಬುದು ಒಂದು ಊಹೆ.

ಅವನಿಗೆ ಕಾರಣವೇ ಗೊತ್ತಿರಲಿಲ್ಲ, ತಡೆಯುವ ದಾರಿಯೂ ಇರಲಿಲ್ಲ. ನಮಗೆ ಅನೇಕ ಕಾರಣಗಳು ಗೊತ್ತಿವೆ. ಮಕ್ಕಳ ಶ್ರವಣದೋಷಗಳಲ್ಲಿ ಸುಮಾರು 60 ಶೇಕಡಾ ತಡೆಯಬಹುದಾದವು. ಗರ್ಭಿಣಿಗೆ ರುಬೆಲ್ಲಾ ಬಂದರೆ ಮಗುವಿನ ಕಿವಿಗೆ ಅಪಾಯ, ದಡಾರ, ಮಂಗನಬಾವು, ಮೆದುಳು ಪೊರೆಯ ಉರಿಯೂತ ಕೂಡ ಕಿವಿ ಕೆಡಿಸುತ್ತವೆ. ಇವಕ್ಕೆ ಲಸಿಕೆಗಳಿವೆ. ಮಕ್ಕಳ ಕಿವಿ ಸೋರುವುದನ್ನು ಬೆಳೆದಂತೆ ಸರಿಹೋಗುತ್ತದೆಂದು ಬಿಡಬಾರದು. ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್‌ನಂಥ ಇಂಜೆಕ್ಷನ್‌ಗಳು ಕೆಲವರ ಒಳಗಿವಿಗೆ ಹಾನಿ ಮಾಡಬಲ್ಲವು, ಅವನ್ನು ತೆಗೆದುಕೊಳ್ಳುವಾಗ ಕಿವಿ ಗುಂಯ್ ಅಂದರೆ ವೈದ್ಯರಿಗೆ ಕೂಡಲೇ ಹೇಳಬೇಕು. ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಹುಟ್ಟುಕಿವುಡಿನ ಸಂಭವ ಹೆಚ್ಚು. ಒಂದು ಬೆಳಿಗ್ಗೆ ಎದ್ದಾಗ ಇದ್ದಕ್ಕಿದ್ದಂತೆ ಒಂದು ಕಿವಿ ಕೇಳದಿದ್ದರೆ ಅದು ತುರ್ತು ಸ್ಥಿತಿ. ವಾರಗಟ್ಟಲೆ ಕಾಯದೆ ಅಂದೇ ಇಎನ್‌ಟಿ ವೈದ್ಯರನ್ನು ಕಾಣಬೇಕು.

ಕೆಲಸದ ಭಯದ ಬಗ್ಗೆಯೂ ಒಂದು ಮಾತು. ಬೀಥೋವನ್‌ಗೆ ಕಾನೂನಿನ ಆಸರೆ ಇರಲಿಲ್ಲ. ನಮಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಎರಡೂ ಕಿವಿಗಳಲ್ಲಿ ಮಾತಿನ ಶ್ರುತಿಗಳಲ್ಲಿ 60 ಡೆಸಿಬಲ್ ಅಥವಾ ಹೆಚ್ಚು ಶ್ರವಣ ನಷ್ಟವಿದ್ದವರನ್ನು ಅದು ಗುರುತಿಸುತ್ತದೆ. ಸರ್ಕಾರಿ ನೇಮಕಾತಿಯಲ್ಲಿ ಅಂಗವಿಕಲರಿಗಿರುವ 4 ಶೇಕಡಾ ಮೀಸಲಾತಿಯಲ್ಲಿ 1 ಶೇಕಡಾ ಶ್ರವಣದೋಷದವರದು. ಯುಡಿಐಡಿ ಕಾರ್ಡ್‌ಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ದೇಶದ ನಾನಾ ಕಡೆಯಿಂದ ಜನ ಹುಡುಕಿಕೊಂಡು ಬರುವ ಜಾಗ ನಮ್ಮ ರಾಜ್ಯದಲ್ಲೇ ಇರುವಾಗ ಮುಚ್ಚಿಟ್ಟುಕೊಂಡು ಕೂರುವುದರಲ್ಲಿ ಅರ್ಥವಿಲ್ಲ.

ಗೆಳೆಯರೇ, ಕಿವಿ ಪರೀಕ್ಷೆಗೆ ಸೂಜಿ ಚುಚ್ಚುವುದಿಲ್ಲ, ನೋವಿಲ್ಲ, ಅರ್ಧ ಗಂಟೆ ಸಾಕು. ತರಗತಿಯಲ್ಲಿ ಕೊನೆಯ ಬೆಂಚಿನಿಂದ ಪಾಠ ತಿಳಿಯುತ್ತಿಲ್ಲ, ಫೋನಿನಲ್ಲಿ ಒಂದೇ ಕಿವಿಗೆ ಇಟ್ಟುಕೊಳ್ಳುವ ರೂಢಿಯಾಗಿದೆ, ಗದ್ದಲದಲ್ಲಿ ಮಾತು ಹಿಡಿಯಲಾಗುತ್ತಿಲ್ಲ ಅನ್ನಿಸಿದರೆ ಒಮ್ಮೆ ಮಾಡಿಸಿಕೊಳ್ಳಿ. ಮನೆಯಲ್ಲಿ ಟಿವಿ ಸದ್ದು ಏರಿಸುವವರು, ಎಲ್ಲದಕ್ಕೂ ಹೂಂ ಅನ್ನುವವರು ಇದ್ದರೆ ರೇಗುವ ಮೊದಲು ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.